‘ಅಂತ’ ಬಿಟ್ಟು ಬರದ್ರ ಸುದ್ದಿ ಕೆಡ್ತದ

ಹೋದ ತಿಂಗಳ ಕಲಬುರಗಿಯ ಒಂದು ಡಿಗ್ರಿ ಕಾಲೇಜಿನಾಗ ಪತ್ರಿಕೋದ್ಯಮ ತಗೊಂಡಿರೋ ಹುಡುಗ ಹುಡುಗ್ಯಾರ ಮುಂದ ಒಂದೂವರಿ ತಾಸು ಮಾತಾಡಿದ್ದೆ. ಬರದು ಕೊಡ್ರಿ ಸರ ಅಂತ ಆ ಹುಡುಗರೇ ಬೆನ್ನು ಹತ್ತಿದ್ರು, ಅದಕ್ಕ ಮೊಬೈಲ್‌ದಾಗಿನ ರೆಕಾರ್ಡಿಂಗ್ ಕೇಳ್ಕೋತ ಟೈಪ್ ಮಾಡೀನಿ, ನಡುವ ಕರೆಂಟ್ ಹೋಗಿ ಫ್ಯಾನ್ ನಿಂತಾಗ ಆಡಿದ ಮಾತು ಅಷ್ಟು ಬಿಟ್ಟೀನಿ. ಮಾತಾಡಿದಂಗೇ ಅದ, ಗ್ರಾಂಥಿಕ ಮಾಡ್ಲಿಕ್ಕೆ ಹೋಗಿಲ್ಲ.

ನೋಡ್ರಿ, ನಿಮಗ ಮೊದಲ ಪಾಠದಾಗೇ ಹೇಳಿರ್ತಾರ, ನಾಯಿ ಮನುಷ್ಯಾನ್ನ ಕಚ್ಚಿದ್ರ ಸುದ್ದಿ ಅಲ್ಲ, ಮನುಷ್ಯ ನಾಯೀನ್ನ ಕಚ್ಚಿದ್ರ ಸುದ್ದಿ ಅಂತ. ನನಗೂ ಹೇಳಿದ್ರು, ನಾನೂ ಬಾಯಿಪಾಠ ಮಾಡಿ ಬರದು ಪಾಸಾದೆ. ಆದ್ರ ನಮ್ಮ ಕಡೆ ಹಳ್ಳ್ಯಾಗ ನಾಯಿ ಕಚ್ಚೋದೇ ದೊಡ್ಡ ಸುದ್ದಿ ಅದರಿ. ದವಾಖಾನ್ಯಾಗ ಇಂಜೆಕ್ಷನ್ ಅದನೋ ಇಲ್ಲೋ, ಇಲ್ಲಂದ್ರ ಆ ಕೂಸಿನ್ನ ಎತ್ಕೊಂಡು ಎಷ್ಟು ಕಿಲೋಮೀಟರ್ ಹೋಗಬೇಕು, ಬಸ್ ಎಷ್ಟೊತ್ತಿಗಿ ಅದ, ಇದು ಸುದ್ದಿ. ಮನುಷ್ಯ ನಾಯೀನ್ನ ಕಚ್ಚಿದ್ದು ನಾ ಇನ್ನಾ ನೋಡಿಲ್ಲ. ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’, 1843ರ ಜುಲೈ 1, ಹರ್ಮನ್ ಮೋಗ್ಲಿಂಗ್, ಹದಿನೈದು ದಿನಕ್ಕೊಂದು ಬರ್ತಿತ್ತು, ಇದೂ ಪರೀಕ್ಷಾಕ್ಕ ಬರ್ತದ, ನೆನಪಿಟ್ಕೊರಿ, ಮುಂದಕ್ಕ ಹೋಗೋಣು.

ನಾ ಇವತ್ತ ಹೇಳಬೇಕಂತ ಬಂದಿದ್ದು ಎರಡಕ್ಷರದ ಬಗ್ಗೆ, ಪುಸ್ತಕದ ಭಾಷಾದಾಗ ‘ಅಂತೆ’ ಅಂತೀವಲ್ಲ, ಅದು. ‘ಅಂತ’.

ನಮ್ಮ ಆಯಿ ಒಂದಕ್ಷರ ಓದಿದಾಕಿ ಅಲ್ಲ. ಸಂಜಿಕ ಕಟ್ಟಿ ಮ್ಯಾಲ ಕುಂತು ಸುದ್ದಿ ಹೇಳ್ಲಿಕ್ಕೆ ಶುರು ಮಾಡಿದ್ಳಂದ್ರ ಅರ್ಧ ಓಣಿ ಕೂಡ್ತಿತ್ತು. ಆಕಿ ಹೇಳೋದ್ರಾಗ ಮೂರು ತರಾ ಇತ್ತು, ಜರಾ ಕಿವಿಗೊಟ್ಟು ಕೇಳ್ರಿ. ‘ಹೊಲದಾಗ ಮಳಿ ಬಂದದ’ ಅಂದ್ರ ಆಕಿ ತಾನೇ ಹೊಲಕ್ಕ ಹೋಗಿ ತೊಯ್ಸಿಕೊಂಡು ಬಂದಾಳಂತ ಅರ್ಥ. ‘ಹೊಲದಾಗ ಮಳಿ ಬಂದದಂತ’ ಅಂದ್ರ ಯಾರೋ ಹೇಳ್ಯಾರ, ಆಕಿ ನೋಡಿಲ್ಲ. ‘ಹೊಲದಾಗ ಮಳಿ ಬಂದಂಗ ಅದ’ ಅಂದ್ರ ಗಾಳಿ ತಂಪಾಗ್ಯಾದ, ಮಣ್ಣಿನ ವಾಸನಿ ಬರ್ಲತ್ತದ, ಅದರ ಮ್ಯಾಲ ಆಕಿ ಅಂದಾಜು ಹಾಕ್ಯಾಳ. ಕಂಡಿದ್ದು, ಕೇಳಿದ್ದು, ಅಂದಾಜು ಮಾಡಿದ್ದು, ಇವು ಮೂರೂ ಆಕಿ ಒಮ್ಮೆರ ಕಲಸಿದ್ದು ನಾ ಕೇಳಿಲ್ಲ. ಕಲಸಿದ್ರ ಓಣಿಯವರು ಬಿಡ್ತಿರಲಿಲ್ಲ, ‘ಯಾರು ಹೇಳಿದ್ರಬೇ ನಿನಗ?’ ಅಂತ ಕೇಳೇ ಕೇಳ್ತಿದ್ರು. ನಿಮ್ಮ ಬುಕ್ಕಿನಾಗ ಇದಕ್ಕ ಅಟ್ರಿಬ್ಯೂಷನ್ ಅಂತ ದೊಡ್ಡ ಹೆಸರಿಟ್ಟು ಪುಟಗಟ್ಟಲೆ ಬರದಾರ, ನಿಮ್ಮ ಬಾಯಾಗ ಅದು ಹುಟ್ಟಿನಿಂದ ಅದ. ಕಾಲೇಜಿಗಿ ಬಂದು ನಾವು ಅದನ್ನ ಮರೀತೀವಿ, ಅದೇ ವಿಚಿತ್ರ.

ಮರೆತು ಏನು ಬರೀತೀವಿ? ‘ಎನ್ನಲಾಗಿದೆ’. ‘ತಿಳಿದುಬಂದಿದೆ’. ‘ಮೂಲಗಳು ತಿಳಿಸಿವೆ’. ಎನ್ನಲಾಗಿದೆ ಅಂದ್ರ ಯಾರು ಅಂದ್ರು? ಈ ‘ಲಾಗಿದೆ’ ಅನ್ನೋ ಮನುಷ್ಯಾ ಯಾವ ಊರವ, ಅವನ ಫೋನ್ ನಂಬರ್ ಯಾರ ಹತ್ರ ಅದ? ‘ಅಂತ’ ಬಂದಲ್ಲಿ ಹೇಳಿದವರು ಒಬ್ಬರು ಇರ್ತಾರ, ‘ಎನ್ನಲಾಗಿದೆ’ದಾಗ ಯಾರೂ ಇಲ್ಲ, ಖಾಲಿ ಮನಿಗಿ ಬೀಗ ಹಾಕಿದಂಗ. ಕೆಲವೊಮ್ಮೆ ಹೇಳಿದವರ ಹೆಸರು ಮುಚ್ಚಿಡಬೇಕಾಗ್ತದ, ಅವರ ನೌಕರಿ ಹೋಗ್ತದ, ಜೀವಕ್ಕ ಧಕ್ಕಿ ಬರ್ತದ, ಆವಾಗ ಮುಚ್ಚಿಡ್ರಿ. ಆದ್ರ ಮುಚ್ಚಿಡ್ಲಿಕ್ಕೂ ಒಂದು ಹೆಸರು ಅಂತ ಇರಬೇಕಲ್ಲ, ಕಡಿಗೆ ನಿಮ್ಮ ಎಡಿಟರ್‌ಗಾದ್ರೂ ಗೊತ್ತಿರಬೇಕು.

ಇದು ನಾ ಬುಕ್ ಓದಿ ಕಲ್ತಿದ್ದಲ್ಲ. 2001ನೇ ಇಸವಿ, ಕಾಲೇಜ್ ಮುಗಿಸಿ ಯಾದಗಿರಿ ಕಡೆ ಅರೆಕಾಲಿಕ ವರದಿಗಾರ ಅಂತ ಸೇರಿದ್ದೆ. ಆಗ ಯಾದಗಿರಿ ಇನ್ನಾ ಜಿಲ್ಲಾ ಆಗಿರಲಿಲ್ಲ, ಗುಲ್ಬರ್ಗಾ ಜಿಲ್ಲಾದಾಗೇ ಇತ್ತು. ಫೋಟೋ ಕಳಿಸಬೇಕಂದ್ರ ಕವರ್‌ನಾಗ ಹಾಕಿ ಬಸ್ಸಿನ ಡ್ರೈವರ್ ಕೈಯಾಗ ಕೊಡಬೇಕು, ಅವಸರದ ಸುದ್ದಿ ಇದ್ರ ಎಸ್‌ಟಿಡಿ ಬೂತಿನಾಗ ನಿಂತು ಓದಿ ಹೇಳಬೇಕು, ಮೀಟರ್ ಓಡ್ತಿರ್ತದ, ರೊಕ್ಕ ನಮ್ಮದೇ. ಒಂದು ಸಂಜಿ ಹತ್ತಿ ಬಿಡಿಸಿ ಬರೋ ಹೆಣ್ಣಮಕ್ಕಳಿದ್ದ ಟಂಟಂ ಆಟೋ ಪಲ್ಟಿ ಆತು. ನಾ ದವಾಖಾನಿಗಿ ಓಡಿದೆ, ಒಳಗ ಬಿಡಲಿಲ್ಲ, ಡಾಕ್ಟರ್ ಸಿಗಲಿಲ್ಲ, ಠಾಣಾದವರು ಇನ್ನಾ ಸ್ಪಾಟಿನಾಗೇ ಇದ್ರು. ಗೇಟಿನ ಮುಂದ ಚಹಾದ ಅಂಗಡ್ಯಾಗ ನಿಂತವ ಒಬ್ಬ ‘ನಾಲ್ಕು ಮಂದಿ ಹೋದ್ರಂತ’ ಅಂದ. ಸತ್ತವರ ಹೆಸರೂ ಹೇಳಿದ. ಆಫೀಸಿನಾಗ ಸುದ್ದಿ ತಿದ್ದೋ ಡೆಸ್ಕಿನವರು ಬೇಗ ಹೇಳು ಪೇಜ್ ಹೋಗ್ತದ ಅಂತ ಅವಸರ ಮಾಡ್ಲತ್ತಿದ್ರು. ನಾ ನಾಲ್ವರ ಸಾವು ಅಂತ ಹೇಳಿ ಫೋನ್ ಇಟ್ಟೆ. ಅವ ‘ಅಂತ’ ಹಚ್ಚಿ ಹೇಳಿದ್ದ, ನಾ ಅದನ್ನ ಕಿತ್ತು ಹಾಕಿ ಕಳಿಸಿದೆ.

ಸತ್ತವರು ಮೂವರು. ನಾಲ್ಕನೇದಾಕಿ ವಾರ್ಡಿನಾಗ ಕಾಲು ಮುರ್ಕೊಂಡು ಮಲಗಿದ್ಳು. ಮರುದಿನ ಮುಂಜಾನಿ ಆಕಿ ತಮ್ಮ ಪೇಪರ್ ಹಿಡ್ಕೊಂಡು ನನ್ನ ರೂಮಿಗಿ ಬಂದ. ಬೈತಾನ, ಹೊಡೀತಾನ ಅಂತ ನಾ ತಯಾರಾಗೇ ನಿಂತಿದ್ದೆ. ಅವ ಬೈಲಿಲ್ಲ. ‘ಅಕ್ಕ ಅದಾಳ್ರಿ. ಅತ್ತಿಮನಿಯವರು ಪೇಪರ್ ಓದಿಸಿಕೊಂಡು ರೊಟ್ಟಿಗಂತ ಇಟ್ಟ ಹಿಟ್ಟು ಹಂಗೇ ಬಿಟ್ಟು ಅಳ್ಕೋತ ಬಸ್ ಹತ್ತ್ಯಾರ. ನಿಮಗ ಯಾರು ಹೇಳಿದ್ರಿ?’ ಅಂದ. ಅಷ್ಟೇ ಕೇಳಿದ. ನನಗ ಆ ಚಹಾದ ಅಂಗಡ್ಯಾಗಿನವನ ಹೆಸರೂ ಗೊತ್ತಿರಲಿಲ್ಲ. ಮೂರನೇ ದಿನ ಒಳಪುಟದಾಗ ಎರಡು ಸಾಲಿನ ತಿದ್ದುಪಡಿ ಬಂತು, ಅದನ್ನ ಯಾರು ಓದ್ತಾರ.

ಒಂದು ಊರಿಗೆ ಊರೇ ‘ಅಂತ’ ಬಿಟ್ರ ಏನಾಗ್ತದ, ಅದೂ ನಮ್ಮ ಕಡೆನೇ ಆಗ್ಯಾದ. 2018ರ ಜುಲೈದಾಗ ಬೀದರ್ ಜಿಲ್ಲಾದ ಮುರ್ಕಿ. ಮಕ್ಕಳ ಕಳ್ಳರು ಬಂದಾರ ಅಂತ ವಾಟ್ಸ್‌ಆ್ಯಪ್‌ನಾಗ ಹರಿದಾಡಿ, ಹೈದರಾಬಾದ್‌ನಿಂದ ಬಂದಿದ್ದ ಗೆಳೆಯರ ಮ್ಯಾಲ ಜನ ಬಿದ್ದು, ಒಬ್ಬ ಸಾಫ್ಟ್‌ವೇರ್ ಎಂಜಿನಿಯರ್ ಜೀವ ಹೋತು. ನಮ್ಮ ಆಯಿ ಕಾಲದಾಗ ಕಟ್ಟಿ ಮ್ಯಾಲಿನ ಸುದ್ದಿಗಿ ‘ಯಾರು ಹೇಳಿದ್ರು’ ಅಂತ ಕೇಳ್ಲಿಕ್ಕೆ ಎದುರಿಗಿ ಮನುಷ್ಯ ಇರ್ತಿದ್ದ. ಫಾರ್ವರ್ಡ್ ಆದ ಮೆಸೇಜಿಗಿ ಯಾರನ್ನ ಕೇಳ್ತೀರಿ? ವರದಿಗಾರ ಅಂದ್ರ ಅವತ್ತ ಸಂಜಿಕ ಠಾಣಾಕ್ಕ ಫೋನ್ ಹಚ್ಚಿ ‘ಯಾವುದಾದ್ರೂ ಕೂಸು ಕಳದದ ಅಂತ ಕಂಪ್ಲೇಂಟ್ ಬಂದದೇನ್ರಿ’ ಅಂತ ಕೇಳಬೇಕಾದವ. ಒಂದು ಫೋನ್, ಎರಡು ನಿಮಿಷ.

ಇನ್ನ ಬರಿಯೋದಕ್ಕ ಬರೋಣು. ಯಾರು, ಏನು, ಎಲ್ಲಿ, ಯಾವಾಗ, ಯಾಕ, ಹ್ಯಾಂಗ, ಈ ಆರು ನಿಮಗ ಬಾಯಿಪಾಠ ಅವ. ತಡಾ ಮಾಡಿ ಮನಿಗಿ ಹೋದಾಗ ನಿಮ್ಮವ್ವ ಬಾಗಿಲದಾಗೇ ನಿಲ್ಲಿಸಿ ಆರೂ ಕೇಳ್ತಾಳ, ಕೋರ್ಸ್ ಮಾಡಿಲ್ಲ ಆಕಿ. ಕಷ್ಟ ಇರೋದು ಬ್ಯಾರೆ ಕಡೆ. ನಾವು ಕಲಿಯೋ ಬುಕ್ ಇಂಗ್ಲಿಷಿನವು, ಅಲ್ಲಿ ಆರಕ್ಕೂ ಉತ್ತರ ಮೊದಲ ಸಾಲಿನಾಗೇ ಬರಲಿ ಅಂತಾರ, ಅವರಿಗಿ ಅಡ್ಡಿ ಇಲ್ಲ ಯಾಕಂದ್ರ ಅವರ ಕ್ರಿಯಾಪದ ಮೊದಲೇ ಬಂದುಬಿಡ್ತದ. ನಮ್ಮದು ಕಡಿಗೆ ಬರ್ತದ. ಆರೂ ತುಂಬಿದ್ರ ಓದೋವನು ಉಸಿರು ಹಿಡ್ಕೊಂಡು ಕ್ರಿಯಾಪದಕ್ಕ ಕಾಯ್ಕೋತ ಕೂಡಬೇಕು. ನೋಡ್ರಿ ಹಿಂಗ ಆಗ್ತದ: ‘ತಾಲ್ಲೂಕಿನ ಹೊರವಲಯದಲ್ಲಿ ಭಾನುವಾರ ಸಂಜೆ ಹತ್ತಿ ಬಿಡಿಸುವ ಕೆಲಸ ಮುಗಿಸಿಕೊಂಡು ಮನೆಗೆ ಮರಳುತ್ತಿದ್ದ ಕೂಲಿ ಕಾರ್ಮಿಕರನ್ನು ತುಂಬಿಕೊಂಡು ಅತಿವೇಗವಾಗಿ ಬರುತ್ತಿದ್ದ ಟಂಟಂ ವಾಹನವು ಚಾಲಕನ ನಿಯಂತ್ರಣ ತಪ್ಪಿ ರಸ್ತೆ ಪಕ್ಕದ ತಗ್ಗಿಗೆ ಉರುಳಿಬಿದ್ದ ಪರಿಣಾಮ ಮೂವರು ಮಹಿಳೆಯರು ಸ್ಥಳದಲ್ಲೇ ಮೃತಪಟ್ಟ ದಾರುಣ ಘಟನೆ ನಡೆದಿದೆ.’

ಸಾವು ಎಲ್ಲಿ ಬಂತು? ಬಾಲದಾಗ. ಅದೂ ಕ್ರಿಯಾಪದ ಯಾವುದು, ‘ನಡೆದಿದೆ’. ಸತ್ತಿದ್ದು ಹೆಣ್ಣಮಕ್ಕಳು, ನಡೆದಿದ್ದು ಘಟನೆ! ಮತ್ತ ‘ಅತಿವೇಗ’ ಅಂತ ಬರದೀರಲ್ಲ, ಯಾರು ನೋಡ್ಯಾರ? ‘ನಿಯಂತ್ರಣ ತಪ್ಪಿ’ ಅನ್ನೋದು ಎಫ್‌ಐಆರ್‌ನಾಗಿನ ಮಾತು, ಅದಕ್ಕ ‘ಅಂತ’ ಬೇಕು. ಅದನ್ನೇ ಒಡದು ಹಾಕ್ರಿ: ‘ಹತ್ತಿ ಬಿಡಿಸಿ ಮನೆಗೆ ಮರಳುತ್ತಿದ್ದ ಮೂವರು ಮಹಿಳೆಯರು ಟಂಟಂ ಉರುಳಿ ಮೃತಪಟ್ಟಿದ್ದಾರೆ. ಭಾನುವಾರ ಸಂಜೆ ಈ ಅಪಘಾತ ಆಗಿದೆ.’ ಮುಗೀತು. ಯಾವ ಊರು, ಟಂಟಂನಾಗ ಎಷ್ಟು ಮಂದಿ ಇದ್ರು, ಯಾಕ ಬಿತ್ತು, ಪೊಲೀಸರು ಏನಂತಾರ, ಸಂಗಟ ಇದ್ದಾಕಿ ಏನಂತಾಳ, ಇವೆಲ್ಲ ಒಂದರ ಹಿಂದ ಒಂದು ಸಾಲಾಗಿ ಬರಲಿ. ತೂಕದ್ದು ಮ್ಯಾಲ, ಹಗುರಾದದ್ದು ಕೆಳಗ, ಇದಕ್ಕ ತಲೆಕೆಳಗಾದ ಪಿರಮಿಡ್ ಅಂತಾರ. ರಾತ್ರಿ ಎಂಟಕ್ಕ ಒಂದು ಜಾಹೀರಾತು ಬಂದು ಕುಂತ್ರ ಡೆಸ್ಕಿನವ ನಿಮ್ಮ ಸುದ್ದಿ ಓದಲ್ಲ, ಕೆಳಗಿನಿಂದ ಎರಡು ಪ್ಯಾರಾ ಕತ್ತರಿಸ್ತಾನ. ಗಾಯ ಆದವರ ಹೆಸರು ಕೆಳಗಿಟ್ಟಿದ್ರ ಆ ಹೆಸರು ಹೋದಂಗೇ.

ನಮ್ಮ ಕಡೆ ಈ ಪಿರಮಿಡ್ ಭಾಳ ಕೆಡೋದು ಸಭಾ ಸಮಾರಂಭದ ವರದಿದಾಗ. ನಾ ಬಿಎ ಇದ್ದಾಗ ನಮ್ಮ ಕಾಲೇಜಿನ ಪ್ರಾಯೋಗಿಕ ಪತ್ರಿಕೆಗಿ ಮೊದಲ ವರದಿ ಬರದೆ, ರೈತರ ಬೆಳೆವಿಮಾದ ಒಂದು ಕಾರ್ಯಕ್ರಮದ್ದು. ದೀಪ ಹಚ್ಚಿದ್ದು, ಪ್ರಾರ್ಥನಾ, ಸ್ವಾಗತ, ವೇದಿಕೆ ಮ್ಯಾಲ ಉಪಸ್ಥಿತರಿದ್ದ ಹನ್ನೊಂದು ಮಂದಿ, ನಿರೂಪಣಾ, ವಂದನಾರ್ಪಣೆ, ಕಾರ್ಯಕ್ರಮ ಯಶಸ್ವಿಯಾಗಿ ಜರುಗಿತು. ನಮ್ಮ ಸರು ಕೆಂಪು ಪೆನ್ನಿನಿಂದ ‘ಯಶಸ್ವಿ’ ಅನ್ನೋದಕ್ಕ ಗೋಲ ಹಾಕಿ ‘ಮದಿವಿ ಏನೋ ತಮ್ಮಾ ಇದು?’ ಅಂದ್ರು. ಆಮ್ಯಾಲ ಕೇಳಿದ್ರು, ಅಲ್ಲಿ ಏನಾತು ಅಂತ. ನಾ ಹೇಳಿದೆ, ಭಾಷಣದ ನಡುವ ಒಬ್ಬ ಮುದುಕ ಎದ್ದು ನಿಂತು ‘ಮೂರು ವರ್ಷ ರೊಕ್ಕ ಕಟ್ಟೀನಿ, ಒಂದು ಪೈಸಾ ಬಂದಿಲ್ಲ, ಯಾರನ್ನ ಕೇಳಬೇಕು?’ ಅಂದ, ಅವನ್ನ ಕೂಡಿಸಿದ್ರು ಅಂತ. ‘ಅದನ್ನ ಯಾಕ ಬರದಿಲ್ಲ?’ ‘ಅದು ಕಾರ್ಯಕ್ರಮಪಟ್ಟಿದಾಗ ಇರಲಿಲ್ಲ ಸರ.’ ಈಗೂ ದಿನಾ ನನ್ನ ವಾಟ್ಸ್‌ಆ್ಯಪ್‌ಗಿ ಬರೋ ಪ್ರೆಸ್‌ನೋಟ್ ನೋಡಿದ್ರ ನಾ ಬರದ ಆ ವರದಿನೇ ಊರೂರು ತಿರುಗ್ಲತ್ತದೇನೋ ಅನಸ್ತದ.

ಹೆಸರಿನ ವಿಷಯ ಬಂತು, ಒಂದು ಮಾತು. ನಮ್ಮ ಜಿಲ್ಲಾದಾಗ ಶರಣಪ್ಪ, ಶರಣಬಸಪ್ಪ, ಶಿವಶರಣಪ್ಪ ಅಂತ ಕೂಗಿದ್ರ ಅರ್ಧ ಬಸ್‌ಸ್ಟ್ಯಾಂಡ್ ತಿರುಗಿ ನೋಡ್ತದ. ಹಂಗಾಗಿ ಹೆಸರು, ಅಪ್ಪನ ಹೆಸರು, ವಯಸ್ಸು, ಊರು, ನಾಲ್ಕೂ ಬರ್ಕೊರಿ. ಖಾಜಾನೋ ಖ್ವಾಜಾನೋ, ಪಾಟೀಲನೋ ಬಿರಾದಾರನೋ, ಅವರ ಮುಂದೇ ಓದಿ ತೋರಸ್ರಿ. ಕಳ್ಳತನದ ಕೇಸಿನಾಗ ಬ್ಯಾರೆ ಶರಣಪ್ಪನ ಹೆಸರು ಬಂತಂದ್ರ ಅವನ ಮಗಳ ಮದಿವಿ ನಿಲ್ತದ, ನಾ ಸುಳ್ಳು ಹೇಳ್ಲತ್ತಿಲ್ಲ.

ಅಂಕಿ ಅಂದ್ರ ನಿಮಗೆಲ್ಲ ಅಂಜಿಕಿ, ಗೊತ್ತದ. ಆರ್ಟ್ಸ್ ತಗೊಂಡಿದ್ದೇ ಲೆಕ್ಕ ತಪ್ಪಿಸ್ಲಿಕ್ಕೆ. ಆದ್ರ ಭೀಮಾ ನದಿ ದಂಡಿಗಿದ್ದು ಕ್ಯೂಸೆಕ್ ಗೊತ್ತಿಲ್ಲಂದ್ರ ಹ್ಯಾಂಗ? 2020ರ ಅಕ್ಟೋಬರ್‌ದಾಗ ಮಹಾರಾಷ್ಟ್ರದ ಉಜನಿ ಡ್ಯಾಂನಿಂದ ನೀರು ಬಿಟ್ಟು ಅಫಜಲಪುರ, ಜೇವರ್ಗಿ ಕಡೆ ಊರು ಮುಳುಗ್ದಾಗ ನಮ್ಮವರೇ ಕೆಲವರು ‘ಇಷ್ಟು ಲಕ್ಷ ಕ್ಯೂಸೆಕ್ ನೀರು ಸಂಗ್ರಹವಾಗಿದೆ’ ಅಂತ ಬರದ್ರು. ಕ್ಯೂಸೆಕ್ ಸಂಗ್ರಹ ಆಗಲ್ಲರಿ, ಅದು ಹರಿಯೋ ಲೆಕ್ಕ, ಸೆಕೆಂಡಿಗಿ ಒಂದು ಘನ ಅಡಿ, ಅಂದ್ರ 28 ಲೀಟರ್ ಚಿಲ್ಲರೆ. ನಿಂತ ನೀರಿಗಿ ಟಿಎಂಸಿ, ಅಂದ್ರ ನೂರು ಕೋಟಿ ಘನ ಅಡಿ. 11,574 ಕ್ಯೂಸೆಕ್ ನೀರು ಹಗಲು ರಾತ್ರಿ 24 ತಾಸು ಹರಿದ್ರ ಒಂದು ಟಿಎಂಸಿ ಆಗ್ತದ. ಇದು ಗೊತ್ತಿದ್ದವ ಏನು ಮಾಡ್ತಾನ ಅಂದ್ರ, ಒಂದು ಕ್ಯೂಸೆಕ್ ಅಂದ್ರ ಹೆಚ್ಚುಕಡಿಮಿ ಎರಡು ಕೊಡ ನೀರು, 2 ಲಕ್ಷ ಕ್ಯೂಸೆಕ್ ಅಂದ್ರ ಕಣ್ಣು ಮುಚ್ಚಿ ತಗಿಯೋದ್ರಾಗ 4 ಲಕ್ಷ ಕೊಡ, ಅಂತ ಬರೀತಾನ. ನದಿ ದಂಡಿ ಹೆಣ್ಣಮಗಳಿಗಿ ಅದು ಆಗಿಂದಾಗ ತಿಳೀತದ, ದಿನಾ ಕೊಡ ಹೊರಾಕಿ ಆಕಿ.

ತೊಗರಿನೂ ಹಂಗೇ. 2024-25ಕ್ಕ ಬೆಂಬಲ ಬೆಲಿ ಕ್ವಿಂಟಲ್‌ಗೆ 7,550 ಅಂತ ಪ್ರೆಸ್‌ನೋಟ್ ಬಂತು, ಎಲ್ಲರೂ ಹಾಕಿದ್ರು. ಸವಾಲಿನಾಗ, ಅಂದ್ರ ಹರಾಜಿನಾಗ, ಎಷ್ಟಕ್ಕ ಹೋತು, ತೇವಾ ಅದ ಅಂತ ಎಷ್ಟು ಮುರಿದ್ರು, ಅಡತಿ ಎಷ್ಟು, ಹಮಾಲಿ ಎಷ್ಟು, ಇದು ಮುಂಜಾನಿ ನೆಹರು ಗಂಜ್ ಮಾರ್ಕೆಟಿಗಿ ಹೋಗಿ ಚೀಲದ ಮ್ಯಾಲ ಕುಂತ ರೈತನ್ನ ಕೇಳಿದವನಿಗೆ ಅಷ್ಟೇ ಸಿಗ್ತದ. ಇನ್ನ ಬೆಳಿ ಒಣಗಿದ್ರ ‘ಕೀಟಬಾಧೆ’ ಅಂತ ಬರದು ಕೈ ತೊಳ್ಕೊಳ್ಳೋದು. ನೆಟೆ ರೋಗ ಕೀಟದಿಂದ ಬರಲ್ಲ, ಮಣ್ಣಿನಾಗಿನ ಶಿಲೀಂಧ್ರದಿಂದ ಬರ್ತದ, ಬೇರಿನಿಂದ ಗಿಡ ಸಾಯ್ತದ, ಕೀಟನಾಶಕ ಹೊಡದ್ರ ರೊಕ್ಕ ದಂಡ. ನೀವು ತಪ್ಪು ಬರದ್ರ ಅದನ್ನ ಓದಿದವ ಅಂಗಡಿಗಿ ಹೋಗಿ ಡಬ್ಬಿ ತರ್ತಾನ. ಆರರಾಗ ‘ಯಾಕ’ ಅನ್ನೋದು ಎಲ್ಲಕ್ಕಿಂತ ತುಟ್ಟಿ ಪ್ರಶ್ನೆ, ಕೃಷಿ ವಿಜ್ಞಾನಿಗಿ ಒಂದು ಫೋನ್ ಹಚ್ಚಬೇಕು. ರಸ್ತಾ ಕೆಲಸದ ಸುದ್ದಿ ಇದ್ರ ಆರ್‌ಟಿಐ ಹಾಕ್ರಿ, 2005ರಿಂದ ಕಾಯ್ದೆ ಅದ, 10 ರೂಪಾಯಿ ಫೀ, 30 ದಿನದಾಗ ಉತ್ತರ ಕೊಡಬೇಕು, ‘ಎಂ.ಬಿ. ಬುಕ್ (ಕೆಲಸದ ಅಳತಿ ಬರೆಯೋ ವಹಿ) ಪ್ರತಿ ಕೊಡ್ರಿ’ ಅಂತ ಸ್ಪಷ್ಟ ಬರೀರಿ. ರಸ್ತಾ ಸರಿ ಇಲ್ಲ ಅಂತ ಒಂದು ಪುಟ ಭಾವನೆ ಬರೀಬ್ಯಾಡ್ರಿ.

ಒಬ್ಬಾಕಿ ಹುಡುಗಿ ಕೇಳಿದ್ಳು, ‘ಸರ, ಜನ ನಮ್ಮ ಭಾಷಾದಾಗ ಮಾತಾಡ್ತಾರ, ನಾವು ಪೇಪರ್ ಭಾಷಾದಾಗ ಬರೀಬೇಕು, ಅವರ ಮಾತು ಬದಲಾದಂಗ ಆಗಲ್ಲೇನ್ರಿ?’ ಭಾಳ ಛಲೋ ಪ್ರಶ್ನೆ. ಆಳಂದ ಕಡೆ ಮರಾಠಿ ಕಲಸ್ತಾರ, ಸೇಡಂ ಗುರುಮಠಕಲ್ ಕಡೆ ತೆಲುಗು, ಶಹರದಾಗ ಉರ್ದು, ನಾವು ಎಲ್ಲಾನೂ ಇಸ್ತ್ರಿ ಮಾಡಿ ‘ಬೆಳೆ ಸಂಪೂರ್ಣ ನಾಶವಾಗಿದ್ದು ಸರ್ಕಾರ ಸೂಕ್ತ ಪರಿಹಾರ ಒದಗಿಸಬೇಕೆಂದು ಆಗ್ರಹಿಸಿದರು’ ಅಂತೀವಿ. ಯಾವ ಮುದುಕ ಹಂಗ ಆಗ್ರಹಿಸ್ಯಾನ್ರಿ? ಅವ ಅಂದಿದ್ದು ‘ಎಲ್ಲಾ ಹೋತ್ರಿ, ದನಕ್ಕ ಹಾಕ್ಲಿಕ್ಕೂ ಕಣಕಿ ಉಳದಿಲ್ಲ’ ಅಂತ. ಸುದ್ದಿ ಪೇಪರ್ ಭಾಷಾದಾಗ ಇರಲಿ, ಉದ್ಧರಣ ಚಿಹ್ನೆ ಒಳಗ ಅವನ ಮಾತೇ ಇರಲಿ. ಡೆಸ್ಕಿನವರು ತಿದ್ದಿದ್ರ ಫೋನ್ ಹಚ್ಚಿ ಜಗಳ ಆಡ್ರಿ, ನಾ ಆಡೀನಿ, ಐದರಾಗ ಎರಡು ಗೆದ್ದೀನಿ.

ಕಾಯ್ದೆದ್ದು ಸಣ್ಣದಾಗಿ ಹೇಳ್ತೀನಿ, ನಿಮ್ಮ ಮೇಡಂ ಪೂರಾ ಹೇಳ್ತಾರ. ಲೈಂಗಿಕ ದೌರ್ಜನ್ಯಕ್ಕ ಒಳಗಾದಾಕಿ ಗುರುತು ಬರೀಬಾರ್ದು, ಮೊದಲು ಐಪಿಸಿ 228ಎ ಇತ್ತು, 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ 72. ಮಕ್ಕಳಿದ್ರ 2012ರ ಪೋಕ್ಸೋ, 2015ರ ಬಾಲನ್ಯಾಯ ಕಾಯ್ದೆ. ಹೆಸರು ಬಿಟ್ಟೀನಲ್ಲ ಅಂತ ಸಮಾಧಾನ ಮಾಡ್ಕೊಬ್ಯಾಡ್ರಿ. ‘ಇಂಥಾ ಹಳ್ಳಿಯ ಕಿರಾಣಿ ವ್ಯಾಪಾರಿಯ ಮಗಳು’ ಅಂತ ಬರದ್ರ ಆ ಹಳ್ಳ್ಯಾಗ ಕಿರಾಣಿ ಅಂಗಡಿ ಇರೋದೇ ಒಂದು.

ಬೈಲೈನ್, ಅಂದ್ರ ಸುದ್ದಿ ಸಂಗಟ ಬರದವರ ಹೆಸರು, ಬೇಕಂತ ಎಲ್ಲರಿಗೂ ಆಸೆ. ಬೈಲೈನ್ ಅಂದ್ರ ‘ಯಾರು ಹೇಳಿದ್ರು’ ಅನ್ನೋ ಪ್ರಶ್ನೆಗಿ ನಿಮ್ಮ ಹೆಸರು ಉತ್ತರ ಕೊಟ್ಟಂಗ. ಈ ಸೀಮಿ ಹೈದರಾಬಾದ್ ಸಂಸ್ಥಾನದಾಗಿದ್ದಾಗ ‘ಇಮ್ರೋಜ್’ ಅನ್ನೋ ಉರ್ದು ಪತ್ರಿಕೆಯ ಸಂಪಾದಕ ಶೋಯೆಬುಲ್ಲಾ ಖಾನ್ ನಿಜಾಮನ ಪರ ಇದ್ದ ರಜಾಕಾರರ ವಿರುದ್ಧ ಬರದ್ರು, 1948ರ ಆಗಸ್ಟ್‌ದಾಗ ಅವರನ್ನ ಹೈದರಾಬಾದಿನಾಗ ಕೊಂದ್ರು. ತಿಂಗಳೊಳಗ, ಸೆಪ್ಟೆಂಬರ್ 17ಕ್ಕ, ಸಂಸ್ಥಾನ ಭಾರತಕ್ಕ ಸೇರ್ತು. ಪ್ರತಿ ವರ್ಷ ಆ ದಿನ ಧ್ವಜ ಹಾರಸ್ತೀವಿ, ವರದಿ ಬರೀತೀವಿ, ವೇದಿಕೆ ಮ್ಯಾಲ ಯಾರ್ಯಾರು ಉಪಸ್ಥಿತರಿದ್ರು ಅಂತ.

ಕಡಿಗೆ ನಾ ಹುಡುಗರಿಗಿ ಒಂದು ಕೆಲಸ ಕೊಟ್ಟೆ. ಕಾಲೇಜ್ ಗೇಟ್ ಹೊರಗ ಹೋಗ್ರಿ, ಒಂದು ತಾಸು, ಮೂರು ಸಾಲು ತರ್ರಿ, ಒಂದು ಕಂಡಿದ್ದು, ಒಂದು ಕೇಳಿದ್ದು, ಒಂದು ಅಂದಾಜು. ಫೋನ್ ಬ್ಯಾಗಿನಾಗೇ ಇರಲಿ. ಹದಿನೆಂಟು ಮಂದಿ ಹೋದ್ರು, ಹದಿಮೂರು ಮಂದಿ ತಿರುಗಿ ಬಂದ್ರು, ಉಳಿದವರು ಸೂಪರ್ ಮಾರ್ಕೆಟ್ ಬಸ್ ಹತ್ತಿರಬೇಕು (ಇದು ನನ್ನ ಅಂದಾಜು).

ಒಬ್ಬ ಹುಡುಗ ಓದಿದ, ‘ಚಹಾದ ಅಂಗಡಿ ಕಾಕಾ 30 ವರ್ಷದಿಂದ ಇಲ್ಲೇ ಚಹಾ ಮಾರ್ತಾರ.’ ಹಿಂದಿನ ಬೆಂಚಿನಾಕಿ ಕೇಳಿದ್ಳು, ‘ಯಾರು ಹೇಳಿದ್ರು?’

‘ಅವರೇ ಹೇಳಿದ್ರು.’

‘ಬೋರ್ಡ್ ಮ್ಯಾಲ 2004 ಅಂತ ಅದಲ್ಲ?’

ಹುಡುಗ ನನ್ನ ಮುಖ ನೋಡಿದ. ನಾ ಏನೂ ಹೇಳಲಿಲ್ಲ. ವಹಿ ಬೆಂಚಿನ ಮ್ಯಾಲೇ ಬಿಟ್ಟು ಓಡಿದ, ಹತ್ತು ನಿಮಿಷಕ್ಕ ತೇಕ್ಕೋತ ಬಂದ. ಕಾಕಾ ಮೊದಲು ರಸ್ತಾದ ಆ ಕಡೆ ಬಂಡಿ ಇಟ್ಕೊಂಡಿದ್ರಂತ, ಅಂಗಡಿ ಹಾಕಿದ್ದು 2004ಕ್ಕಂತ, ಬಂಡಿ ಗಾಲಿ ಒಂದು ಇನ್ನಾ ಅಂಗಡಿ ಹಿಂದ ಬಿದ್ದದ, ಅದನ್ನ ಅವ ಕಣ್ಣಾರೆ ನೋಡ್ಯಾನ.